ಇಪ್ಪತ್ನಾಲ್ಕು ಮೆಗಾಪಿಕ್ಸೆಲ್‌ಗೆ ಎರಡು ಬೆಲೆ

ಕ್ಯಾನನ್ ಆರ್50 ಕ್ಯಾಮೆರಾದಲ್ಲಿ 24.2 ಮೆಗಾಪಿಕ್ಸೆಲ್ ಇದೆ. ಅದೇ ಕಂಪನಿಯ ಆರ್3ರಲ್ಲಿ 24.1. ಮೊದಲನೆಯದು ಕಲಿಯುವವರಿಗೆಂದು 2023ರಲ್ಲಿ ಬಂದ ಮಿರರ್‌ಲೆಸ್. ಕಿಟ್ ಲೆನ್ಸ್ ಸೇರಿ ಆಗಿನ ಬೆಲೆ ಮುಕ್ಕಾಲು ಲಕ್ಷದ ಆಸುಪಾಸು. ಎರಡನೆಯದು ವೃತ್ತಿಪರರಿಗೆಂದು 2021ರಲ್ಲಿ ಬಂದದ್ದು. ಆಗ ಬಾಡಿ ಒಂದಕ್ಕೇ ಐದು ಲಕ್ಷದ ಹತ್ತಿರ, ಲೆನ್ಸಿಗೆ ಬೇರೆ ದುಡ್ಡು. ಚಿತ್ರದ ಅಳತೆ ಒಂದೇ, ಬೆಲೆಯಲ್ಲಿ ಮಾತ್ರ ನಾಲ್ಕು ಲಕ್ಷಕ್ಕೂ ಮಿಕ್ಕಿದ ಅಂತರ. ಆ ನಾಲ್ಕು ಲಕ್ಷ ಎಲ್ಲಿಗೆ ಹೋಯಿತು?

ಕೊಡಗಿನ ನಾಪೋಕ್ಲುವಿನಲ್ಲಿ ಈ ಪ್ರಶ್ನೆ ಕೇಳುವವರು ಕಮ್ಮಿಯಿಲ್ಲ. ಪೇಟೆ ಚಿಕ್ಕದು, ಸುತ್ತಮುತ್ತ ಚಿತ್ರಕ್ಕೆ ಸಿಗುವ ವಸ್ತು ದೊಡ್ಡದು. ಬೇಸಿಗೆ ಬಂತೆಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, ಅದರ ಹಿಂದೆಮುಂದೆ ಮದುವೆಗಳು, ಮಾರ್ಚ್ ಏಪ್ರಿಲ್‌ನ ಹೂಮಳೆಗೆ ಬೆಳ್ಳಗೆ ಅರಳುವ ಕಾಫಿ ತೋಟ, ಕಕ್ಕಬ್ಬೆಯ ಕಡೆ ಪಾಡಿ ಇಗ್ಗುತ್ತಪ್ಪ ದೇವಾಲಯ, ಮೇಲೆ ತಡಿಯಂಡಮೋಳ್. ಊರಿನ ಸ್ಟುಡಿಯೋದವನಿಂದ ಹಿಡಿದು ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಹಬ್ಬಕ್ಕೆ ಮನೆಗೆ ಬರುವ ಹುಡುಗಿಯವರೆಗೆ ಎಲ್ಲರ ಕೈಯಲ್ಲೂ ಒಂದು ಕ್ಯಾಮೆರಾ, ತಲೆಯಲ್ಲಿ ಅದಕ್ಕಿಂತ ದೊಡ್ಡದೊಂದು ಕ್ಯಾಮೆರಾದ ಆಸೆ. ನನ್ನ ವಾದ ಇಷ್ಟು: ಆ ನಾಲ್ಕು ಲಕ್ಷದ ಬಹುಪಾಲು ಹೋಗುವುದು ಚಿತ್ರ ತಪ್ಪಿಹೋಗದಿರಲಿ ಎಂಬ ಖಾತರಿಗೆ. ಚಿತ್ರದ ಅಂದಕ್ಕೆ ಅದರಿಂದ ಆಗುವ ಉಪಕಾರ ಅಂಗಡಿಯವರು ಹೇಳುವಷ್ಟಿಲ್ಲ. ಹಾಗಾಗಿ, ಚಿತ್ರ ತಪ್ಪಿದರೆ ನಷ್ಟ ಯಾರದು ಎಂದು ಮೊದಲು ಕೇಳಿಕೊಂಡು ಆಮೇಲೆ ಅಂಗಡಿಗೆ ಹೋಗಬೇಕು.

ಹತ್ತು ವರ್ಷದ ಹಿಂದೆ ಈ ಮಾತನ್ನು ಇಷ್ಟು ಧೈರ್ಯದಿಂದ ಹೇಳುವಂತಿರಲಿಲ್ಲ. ಕನ್ನಡಿಯಿದ್ದ ಡಿಎಸ್‌ಎಲ್‌ಆರ್ ಕಾಲದಲ್ಲಿ ಅಗ್ಗದ ಕ್ಯಾಮೆರಾಕ್ಕೂ ದುಬಾರಿ ಕ್ಯಾಮೆರಾಕ್ಕೂ ನಡುವೆ ಇದ್ದ ದೊಡ್ಡ ಗೋಡೆ ಫೋಕಸ್. ಫೋಕಸ್ ಲೆಕ್ಕ ಹಾಕಲು ಕನ್ನಡಿಯ ಕೆಳಗೆ ಪ್ರತ್ಯೇಕವಾದ ಒಂದು ಭಾಗವೇ ಇರುತ್ತಿತ್ತು; ಅದು ಉತ್ತಮವಾದಷ್ಟೂ ಬೆಲೆ ಏರುತ್ತಿತ್ತು. ನಿಕಾನ್ ಡಿ3500ರಲ್ಲಿ ಫೋಕಸ್ ಬಿಂದುಗಳು 11, ಅದೇ ಕಂಪನಿಯ ಡಿ5ರಲ್ಲಿ 153. ಅಗ್ಗದ್ದನ್ನು ಹಿಡಿದವರು ಮಧ್ಯದ ಬಿಂದುವಿಗೆ ಆಟಗಾರನನ್ನು ತಂದು ನಿಲ್ಲಿಸಲು ಒದ್ದಾಡಬೇಕಿತ್ತು. ಮಿರರ್‌ಲೆಸ್‌ನಲ್ಲಿ ಚಿತ್ರ ತೆಗೆಯುವ ಸೆನ್ಸರೇ ಫೋಕಸ್ ಕೆಲಸವನ್ನೂ ಮಾಡುತ್ತದೆ. ಚೌಕಟ್ಟಿನ ಬಹುತೇಕ ಎಲ್ಲ ಕಡೆಯೂ ಫೋಕಸ್ ಸಿಗುತ್ತದೆ, ಅದಕ್ಕೆ ಬೇರೆ ಯಂತ್ರಭಾಗ ಬೇಡ. ಉಳಿದದ್ದು ಸಾಫ್ಟ್‌ವೇರ್. ಸಾಫ್ಟ್‌ವೇರ್ ಒಮ್ಮೆ ಬರೆದರೆ ಸಾಕು, ಮೇಲಿನ ಮಾದರಿಯಿಂದ ಕೆಳಗಿನದಕ್ಕೆ ಬಹಳ ಬೇಗ ಇಳಿದುಬರುತ್ತದೆ. ಮನುಷ್ಯ, ಪ್ರಾಣಿ, ವಾಹನವನ್ನು ತಾನೇ ಗುರುತಿಸಿ ಕಣ್ಣಿಗೆ ಫೋಕಸ್ ಹಿಡಿಯುವ ವಿದ್ಯೆ ಇವತ್ತು ಆರ್50ರಲ್ಲೂ ಇದೆ. ನನ್ನ ಲೆಕ್ಕದಲ್ಲಿ ಕಳೆದ ಹತ್ತು ಹದಿನೈದು ವರ್ಷದಲ್ಲಿ ಸಾಮಾನ್ಯರ ಛಾಯಾಗ್ರಹಣಕ್ಕೆ ಆದ ಅತಿ ದೊಡ್ಡ ಉಪಕಾರ ಇದು. ಕಲಿಯುವವರ ಕ್ಯಾಮೆರಾ ಎಂದು ಮೂಗು ಮುರಿಯುವವರು ಇದನ್ನು ಗಮನಿಸಿದಂತಿಲ್ಲ.

ಈಗ ಮೈದಾನಕ್ಕೆ ಬರೋಣ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿ, ನಾಪೋಕ್ಲುವಿನ ಚೆರಿಯಪರಂಬುವಿನಲ್ಲಿರುವ ಜನರಲ್ ಕೆ.ಎಸ್. ತಿಮ್ಮಯ್ಯ ಕ್ರೀಡಾಂಗಣಕ್ಕೆ ಮತ್ತೆ ಮತ್ತೆ ಬಂದಿದೆ. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಡೆಸಿತು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಮಾವನ ಪಕ್ಕದಲ್ಲಿ ಸೊಸೆ, ಅಜ್ಜಿಯ ಎದುರು ಮೊಮ್ಮಗನ ವಯಸ್ಸಿನ ಹುಡುಗ ಆಡುವ ಈ ಹಬ್ಬಕ್ಕಿಂತ ಒಳ್ಳೆಯ ಕ್ಯಾಮೆರಾ ಪರೀಕ್ಷೆ ಇನ್ನೊಂದಿಲ್ಲ.

ಮೊದಲು ಬೆಳಕು. ಪಂದ್ಯಗಳು ನಡೆಯುವುದು ಬೇಸಿಗೆಯ ಹಗಲಿನಲ್ಲಿ. ನೆತ್ತಿಯ ಮೇಲೆ ಬಿಸಿಲಿದ್ದಾಗ ಐಎಸ್‌ಒ 400ಕ್ಕೆ ಇಟ್ಟು, ಲೆನ್ಸನ್ನು ಎಫ್7.1ಕ್ಕೆ ನಿಲ್ಲಿಸಿದರೂ ಶಟರ್ ವೇಗ 1/2000 ಸೆಕೆಂಡ್ ಸಿಗುತ್ತದೆ. ಓಡುವ ಕಾಲನ್ನೂ ಹಾರುವ ಮಣ್ಣನ್ನೂ ನಿಲ್ಲಿಸಲು ಅಷ್ಟು ಸಾಕು. ಅಂದರೆ ಅಗ್ಗದ ಟೆಲಿ ಲೆನ್ಸಿನ ಸಣ್ಣ ಕಿಂಡಿ ಇಲ್ಲಿ ದೊಡ್ಡ ದೋಷವೇ ಅಲ್ಲ. ಸೆನ್ಸರ್ ಚಿಕ್ಕದಾದದ್ದು ಇನ್ನೂ ಅನುಕೂಲ: 400 ಮಿಲಿಮೀಟರ್ ಲೆನ್ಸ್ ಆರ್50ರ ಮೇಲೆ 640 ಮಿಲಿಮೀಟರಿನಷ್ಟು ಹತ್ತಿರಕ್ಕೆ ಎಳೆಯುತ್ತದೆ. ಗ್ಯಾಲರಿಯಲ್ಲಿ ಕುಳಿತವರಿಗೆ ಆಚೆ ಗೋಲಿನ ಎದುರಿನ ಗಲಿಬಿಲಿ ಬೇಕಲ್ಲ.

ವೇಗದ ವಿಷಯದಲ್ಲಿ ಮಾತು ಸ್ವಲ್ಪ ತಿರುಗುತ್ತದೆ. ಆರ್50 ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಅರ್ಧ ಮೆಕ್ಯಾನಿಕಲ್) ಶಟರಿನಲ್ಲಿ ಸೆಕೆಂಡಿಗೆ 12 ಚಿತ್ರ ಹೊಡೆಯುತ್ತದೆ, ಆರ್3 ಎಲೆಕ್ಟ್ರಾನಿಕ್ ಶಟರಿನಲ್ಲಿ 30. ಪೆನಾಲ್ಟಿ ಕಾರ್ನರ್‌ನಲ್ಲಿ ಬಲವಾಗಿ ಬೀಸಿದ ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊರಟಿತು ಎಂದು ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 28 ಮೀಟರ್. 12 ಚಿತ್ರದ ಲೆಕ್ಕದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು 2.3 ಮೀಟರ್ ಹೋಗಿರುತ್ತದೆ. 30ರ ಲೆಕ್ಕದಲ್ಲಿ 90 ಸೆಂಟಿಮೀಟರಿಗೂ ಹೆಚ್ಚು. ಚೆಂಡು ಸ್ಟಿಕ್ಕಿಗೆ ತಾಗಿದ ಕ್ಷಣವೇ ಬೇಕೆಂದರೆ ಎರಡೂ ಕ್ಯಾಮೆರಾ ಅದೃಷ್ಟವನ್ನೇ ನಂಬಬೇಕು. ಐದು ಲಕ್ಷದ್ದರಲ್ಲಿ ಅದೃಷ್ಟದ ಪಾಲು ಎರಡೂವರೆ ಪಟ್ಟು ಹೆಚ್ಚು, ಅಷ್ಟೇ. ಆಟ ಗೊತ್ತಿದ್ದು, ಬೀಸುವವನ ಭುಜ ಬಾಗುವುದನ್ನು ನೋಡಿ ಗುಂಡಿ ಒತ್ತುವವರು ಎರಡೂ ಕ್ಯಾಮೆರಾವನ್ನು ಸೋಲಿಸುತ್ತಾರೆ. ಹಾಕಿ ಸ್ಟಿಕ್ಕು ಹಿಡಿದೇ ಬೆಳೆಯುವ ಜಿಲ್ಲೆಯಲ್ಲಿ ಆ ತಿಳಿವಳಿಕೆಗೆ ಬರವಿಲ್ಲ.

ನಿಜವಾದ ಅಂತರ ಇರುವುದು ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳನ್ನು ಹಿಡಿದಿಡುವ ಬಫರ್‌ನಲ್ಲಿ. ರಾ ಕಡತದಲ್ಲಿ ತೆಗೆದರೆ ಆರ್50 ಏಳೆಂಟು ಚಿತ್ರಕ್ಕೆ ಏದುಸಿರು ಬಿಡುತ್ತದೆ. ಒಂದು ಸೆಕೆಂಡೂ ಆಗಿರುವುದಿಲ್ಲ. ಆರ್3 ಅದೇ ರಾ ಕಡತದಲ್ಲಿ 150ರವರೆಗೆ ಎಳೆಯುತ್ತದೆ, 30ರ ವೇಗದಲ್ಲೂ ಐದು ಸೆಕೆಂಡ್. ಗೋಲ್‌ಕೀಪರ್ ತಡೆದ ಚೆಂಡು ವಾಪಸು ಬಂದು ಇನ್ನೊಬ್ಬನ ಸ್ಟಿಕ್ಕಿಗೆ ಸಿಕ್ಕಿ ಒಳಗೆ ಹೋಗುವಷ್ಟು ಹೊತ್ತಿಗೆ ಅಗ್ಗದ ಕ್ಯಾಮೆರಾ ಕಾರ್ಡಿಗೆ ಬರೆದುಕೊಳ್ಳುತ್ತಾ ಕುಳಿತಿರುತ್ತದೆ. ಜೆಪೆಗ್‌ಗೆ ಬದಲಾಯಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ಇಳಿಯುತ್ತದೆ. ಕಡು ಬಿಸಿಲಿನಲ್ಲಿ ಎಕ್ಸ್‌ಪೋಷರ್ ಸರಿಯಾಗಿ ಇಟ್ಟವರಿಗೆ ಜೆಪೆಗ್ ಸಾಕು.

ಇನ್ನೊಂದು, ಸ್ಟಿಕ್ಕು ಬಾಗುವ ಕತೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಲಾಗುತ್ತದೆ. ಓದಿ ಮುಗಿಯುವಷ್ಟರಲ್ಲಿ ಬೀಸುತ್ತಿರುವ ಸ್ಟಿಕ್ಕು ಜಾಗ ಬದಲಿಸಿರುತ್ತದೆ, ಚಿತ್ರದಲ್ಲಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಆರ್3ರ ಸ್ಟ್ಯಾಕ್ಡ್ ಸೆನ್ಸರ್ ಸುಮಾರು 5 ಮಿಲಿಸೆಕೆಂಡಿನಲ್ಲಿ ಇಡೀ ಚಿತ್ರ ಓದಿ ಮುಗಿಸುತ್ತದೆ, ಆದ್ದರಿಂದ ಬಾಗುವಿಕೆ ಬಹುಪಾಲು ಗೊತ್ತಾಗುವುದಿಲ್ಲ. ಸೋನಿಯ ಎ9 3ರಲ್ಲಂತೂ ಎಲ್ಲ ಸಾಲನ್ನೂ ಒಟ್ಟಿಗೆ ಓದುವ ಗ್ಲೋಬಲ್ ಶಟರ್ ಇದೆ. ಅಗ್ಗದ ಸೆನ್ಸರಿಗೆ ಆರ್3ಕ್ಕಿಂತ ಹಲವು ಪಟ್ಟು ಹೊತ್ತು ಬೇಕು. ಹೀಗಾಗಿ ಆರ್50 ಇಟ್ಟುಕೊಂಡವರು 15 ಚಿತ್ರ ಸಿಗುತ್ತದೆಂಬ ಆಸೆಗೆ ಪೂರ್ತಿ ಎಲೆಕ್ಟ್ರಾನಿಕ್ ಶಟರಿಗೆ ಹೋಗದೆ, ಫಸ್ಟ್ ಕರ್ಟನ್‌ನ 12ಕ್ಕೇ ನಿಂತರೆ ಕ್ಷೇಮ. ಅಂದಹಾಗೆ, 2024ರಲ್ಲಿ ಬಂದ ಕ್ಯಾನನ್ ಆರ್1ರಲ್ಲಿ ಆಟದ ನಿರ್ಣಾಯಕ ಕ್ಷಣವನ್ನು ಕ್ಯಾಮೆರಾವೇ ಊಹಿಸಿ ಸರಿಯಾದ ಆಟಗಾರನಿಗೆ ಫೋಕಸ್ ಬದಲಿಸುವ ಸೌಲಭ್ಯವಿತ್ತು. ಬಿಡುಗಡೆಯಾದಾಗ ಅದಕ್ಕೆ ಗೊತ್ತಿದ್ದ ಆಟಗಳು ಮೂರು: ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್. ಹಾಕಿ ಇರಲಿಲ್ಲ. ಕೊಡಗಿನವರು ಇದನ್ನು ಅವಮಾನ ಎಂದುಕೊಂಡರೂ ತಪ್ಪಿಲ್ಲ.

ಹಬ್ಬದ ಹಗಲಿನಲ್ಲಿ ಹೀಗೆ ಕಲಿಕೆಯ ಕ್ಯಾಮೆರಾ ಮರ್ಯಾದೆ ಉಳಿಸಿಕೊಳ್ಳುತ್ತದೆ. ಸಂಜೆಯಾದ ಮೇಲೆ, ಮನೆಯೊಳಗೆ ಬಂದ ಮೇಲೆ ಏನು? ಐನ್‌ಮನೆ ಎಂಬ ಕೊಡವರ ಮೂಲಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಉರಿಯುತ್ತಿದೆ, ಕಿಟಕಿ ಚಿಕ್ಕದು, ಮರದ ಕಂಬಗಳು ಇರುವ ಬೆಳಕನ್ನೂ ನುಂಗುತ್ತವೆ, ನಿಂತವರ ಕುಪ್ಯ ಎಂಬ ನಿಲುವಂಗಿಯೂ ಕಪ್ಪು. ಇಲ್ಲಿಯೇ ಜನ 'ಫುಲ್ ಫ್ರೇಮ್ ಇಲ್ಲದೆ ಆಗುವುದಿಲ್ಲ' ಎನ್ನುವುದು. ಲೆಕ್ಕ ಹಾಕಿ ನೋಡೋಣ. ಆರ್50ರ ಚಿಕ್ಕ ಸೆನ್ಸರಿಗಿಂತ ಆರ್3ರ ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ಸುಮಾರು ಎರಡೂವರೆ ಪಟ್ಟು. ಅಷ್ಟು ಬೆಳಕು ಹೆಚ್ಚು ಸಿಗುತ್ತದೆ, ಅದರಿಂದ ಚಿತ್ರ ಕಾಳು ಕಾಳಾಗುವುದು ಕಮ್ಮಿಯಾಗುತ್ತದೆ. ಕಿಟ್ ಲೆನ್ಸನ್ನು 45 ಮಿಲಿಮೀಟರಿಗೆ ತಿರುಗಿಸಿದರೆ ಅದರ ಕಿಂಡಿ ಎಫ್6.3ಕ್ಕಿಂತ ದೊಡ್ಡದಾಗುವುದಿಲ್ಲ. ಅದನ್ನು ತೆಗೆದು, ಇಪ್ಪತ್ತು ಸಾವಿರದ ಆಸುಪಾಸಿಗೆ ಸಿಗುವ 50 ಮಿಲಿಮೀಟರ್ ಎಫ್1.8 ಲೆನ್ಸ್ ಹಾಕಿದರೆ ಒಳಗೆ ಬರುವ ಬೆಳಕು ಹನ್ನೆರಡು ಪಟ್ಟಾಗುತ್ತದೆ. ಐಎಸ್‌ಒ 25600 ಕೇಳುತ್ತಿದ್ದ ಕತ್ತಲೆಗೆ 2000 ಸಾಕಾಗುತ್ತದೆ. ಬಾಡಿಗೆ ಸುರಿದ ನಾಲ್ಕು ಲಕ್ಷ ಎರಡೂವರೆ ಪಟ್ಟು ಕೊಟ್ಟಿತು, ಲೆನ್ಸಿಗೆ ಕೊಟ್ಟ ಇಪ್ಪತ್ತು ಸಾವಿರ ಹನ್ನೆರಡು ಪಟ್ಟು ಕೊಟ್ಟಿತು.

ಅದೇ ಎಫ್1.8 ಲೆನ್ಸನ್ನು ಫುಲ್ ಫ್ರೇಮಿಗೆ ಹಾಕಿದರೆ ಇನ್ನೂ ಚೆನ್ನಾಗಿ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ. ಕಿಂಡಿ ಅಷ್ಟು ತೆರೆದಾಗ ಒಬ್ಬರ ಮುಖ ಸ್ಪಷ್ಟವಾಗಿ ಹಿಂದಿನವರ ಮುಖ ಮಸುಕಾಗುತ್ತದೆ ಎಂಬುದೂ ನಿಜ. ಇಡೀ ಒಕ್ಕ (ಕುಟುಂಬ) ಮೆಟ್ಟಿಲ ಮೇಲೆ ಸಾಲಾಗಿ ನಿಂತ ಚಿತ್ರಕ್ಕೆ ಅದು ಬಾರದು, ಅಲ್ಲಿ ಫ್ಲಾಶ್ ಬೇಕು. ನಾನು ಹೇಳುತ್ತಿರುವುದು ದುಡ್ಡು ಯಾವ ಕ್ರಮದಲ್ಲಿ ಖರ್ಚಾಗಬೇಕು ಎಂಬುದನ್ನು. ಮೊದಲು ಲೆನ್ಸ್, ಆಮೇಲೆ ಫ್ಲಾಶ್, ಕೊನೆಗೆ ಬಾಡಿ. ನಮ್ಮಲ್ಲಿ ಬಹುತೇಕರು ಇದನ್ನು ತಲೆಕೆಳಗು ಮಾಡಿ, ಸಾಲ ಮಾಡಿ ದೊಡ್ಡ ಬಾಡಿ ತಂದು ಅದಕ್ಕೆ ಹಳೆಯ ಜೂಮ್ ಲೆನ್ಸ್ ಸಿಕ್ಕಿಸಿಕೊಂಡು ತಿರುಗುತ್ತಾರೆ.

ಇಷ್ಟು ಹೊತ್ತು ಅಗ್ಗದ ಕ್ಯಾಮೆರಾದ ಪರವಾಗಿ ವಕಾಲತ್ತು ಮಾಡಿದೆ. ಇನ್ನು ಎದುರಿನ ಪಕ್ಷ. ಕೊಡವ ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರವಿದೆಯಲ್ಲ, ನೆಟ್ಟ ಬಾಳೆಯ ಕಾಂಡಕ್ಕೆ ಒಡಿಕತ್ತಿ ಬೀಳುವುದು ಒಂದೇ ಏಟು. 'ಇನ್ನೊಂದ್ಸಲ ಕಡೀರಿ ಮಾವ, ಫೋಟೋ ಬರಲಿಲ್ಲ' ಎನ್ನುವಂತಿಲ್ಲ. ಹುತ್ತರಿಯ ರಾತ್ರಿ ಪಾಡಿಯಲ್ಲಿ ಗೊತ್ತು ಮಾಡಿದ ಮುಹೂರ್ತಕ್ಕೆ ಸರಿಯಾಗಿ ಗದ್ದೆಗಿಳಿದು, ಕೋವಿಯ ಗುಂಡು ಹಾರಿದಾಗ ಕದಿರು ಕೊಯ್ಯುವ ಹೊತ್ತೂ ಹಾಗೆಯೇ. ತಪ್ಪಿದರೆ ಮುಂದಿನ ವರ್ಷ. 'ಕ್ಯಾಮೆರಾ ಮುಖ್ಯವಲ್ಲ, ಹಿಂದಿರುವ ಕಣ್ಣು ಮುಖ್ಯ' ಎಂಬ ಮಾತನ್ನು ಛಾಯಾಗ್ರಹಣದ ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ಇದು ಅರ್ಧ ಸತ್ಯ. ಮೂಡಿಗೆರೆಯ ತೋಟದಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರ ವಿಷಯದಲ್ಲಿ ಅದು ಪೂರ್ಣ ಸತ್ಯ. ರೋಲಿಗೆ 36 ಚಿತ್ರ, ತೊಳೆಸುವವರೆಗೆ ಏನು ಬಂತೆಂದು ಗೊತ್ತಿಲ್ಲ. ಆದರೂ ಇವತ್ತು ಹಾರಿಹೋದ ಹಕ್ಕಿಗಾಗಿ ನಾಳೆ ಕಾಯಬಹುದು, ಯಾರಿಗೂ ಮಾತು ಕೊಟ್ಟಿಲ್ಲ. ಮದುವೆಯ ಮುಂಗಡ ತೆಗೆದುಕೊಂಡವರಿಗೆ ಆ ನಾಳೆ ಇಲ್ಲ.

ದುಬಾರಿ ಕ್ಯಾಮೆರಾದ ಗುಣಪಟ್ಟಿಯನ್ನು ಈ ಕಣ್ಣಿನಿಂದ ಓದಿದರೆ ಅದರ ಬೆಲೆಗೆ ಅರ್ಥ ಬರುತ್ತದೆ. ಅದರಲ್ಲಿ ಎರಡು ಕಾರ್ಡ್, ಒಂದೇ ಚಿತ್ರವನ್ನು ಎರಡಕ್ಕೂ ಬರೆಯಬಹುದು. ಒಂದು ಕೆಟ್ಟರೂ ಮದುವೆ ಉಳಿಯಿತು. ಆರ್50ರಲ್ಲಿ ಒಂದೇ ಕಾರ್ಡ್, ಅದೂ ಬ್ಯಾಟರಿಯ ಮುಚ್ಚಳದ ಒಳಗೆ. ಆರ್3ರ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಸುಮಾರು 29 ವ್ಯಾಟ್-ಅವರ್, ಆರ್50ರದ್ದು ಏಳೂವರೆ. ಶಟರು ಐದು ಲಕ್ಷ ಸಲ ಬಡಿದರೂ ತಡೆಯುತ್ತದೆಂದು ಕಂಪನಿ ಆರ್3ರ ಬಗ್ಗೆ ಭರವಸೆ ಕೊಟ್ಟಿದೆ. ಕೈಬೆರಳಿಗೊಂದರಂತೆ ಗುಂಡಿಗಳಿವೆ, ಮೆನುವಿನೊಳಗೆ ಹುಡುಕಾಡುವುದು ಬೇಡ. ಸತತವಾಗಿ ಹೊಡೆಯುವಾಗಲೂ ವ್ಯೂಫೈಂಡರ್ ಕಪ್ಪಾಗುವುದಿಲ್ಲ, ಕತ್ತಿ ಎತ್ತಿದವನನ್ನು ಕಣ್ಣು ಬಿಡದೆ ಹಿಂಬಾಲಿಸಬಹುದು. ಇವುಗಳಲ್ಲಿ ಯಾವುದೂ ಚಿತ್ರವನ್ನು ಹೆಚ್ಚು ಸುಂದರ ಮಾಡುವುದಿಲ್ಲ. 12 ಇಂಟು 36 ಇಂಚಿನ ಮದುವೆ ಆಲ್ಬಂ ತೆರೆದು ಇದು ಯಾವ ಕ್ಯಾಮೆರಾದ್ದು ಎಂದು ಕೇಳಿದರೆ ಹಗಲಿನ ಚಿತ್ರಗಳಲ್ಲಿ ಪಳಗಿದವರೂ ತಡವರಿಸುತ್ತಾರೆ. ಆದರೆ ಚಿತ್ರವೇ ಇಲ್ಲದ ಪುಟ ಎಲ್ಲರಿಗೂ ಗೊತ್ತಾಗುತ್ತದೆ.

ಹಾಗಾದರೆ ಊರಿನ ವೃತ್ತಿಪರ ಫೋಟೋಗ್ರಾಫರ್ ಐದು ಲಕ್ಷ ಸುರಿಯಬೇಕೆ? ಬೇಡ ಎಂದೇ ನನ್ನ ಅಭಿಪ್ರಾಯ. ಖಾತರಿ ಎಂಬುದು ಒಂದು ಪೆಟ್ಟಿಗೆಯಲ್ಲಿ ತುಂಬಿ ಬರುವ ವಸ್ತುವಲ್ಲ. ಎಷ್ಟೇ ಗಟ್ಟಿಯಾದರೂ ಒಂದು ಬಾಡಿ ಒಂದೇ. ಅದು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ರಿಪೇರಿಗೆ ಮೈಸೂರಿಗೋ ಬೆಂಗಳೂರಿಗೋ ಕಳಿಸಬೇಕು, ಅಷ್ಟರಲ್ಲಿ ಸೀಸನ್ ಅರ್ಧ ಮುಗಿದಿರುತ್ತದೆ. ಅದೇ ಹಣಕ್ಕೆ ಎರಡು ಕಾರ್ಡ್ ಹಿಡಿಯುವ ಮಧ್ಯಮ ದರ್ಜೆಯ ಎರಡು ಬಾಡಿ ಬರುತ್ತವೆ, ಒಂದೆರಡು ಒಳ್ಳೆಯ ಲೆನ್ಸಿಗೂ ಮಿಗುತ್ತದೆ. ಒಂದಕ್ಕೆ ಅಗಲದ ಲೆನ್ಸ್, ಇನ್ನೊಂದಕ್ಕೆ ದೂರದ್ದು. ಒಂದು ಕೈಕೊಟ್ಟರೆ ಇನ್ನೊಂದು. ಜೊತೆಗೆ ಇಲ್ಲಿಯ ವ್ಯಾಪಾರದ ಲೆಕ್ಕವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕೂತುಬಿಟ್ಟರೆ ಕೆಲಸ ಕಮ್ಮಿ, ಸಾಲದ ಕಂತಿಗೆ ಮಾತ್ರ ಮಳೆಗಾಲದ ರಜೆ ಇಲ್ಲ. ಅಷ್ಟರ ನಡುವೆ ಕಂಪನಿ ಇನ್ನೊಂದು ಮಾದರಿ ತಂದಿರುತ್ತದೆ, ಹಳೆಯದರ ಬೆಲೆ ಇಳಿದಿರುತ್ತದೆ. ದಿನಪತ್ರಿಕೆಗೋ ದೊಡ್ಡ ಸುದ್ದಿಸಂಸ್ಥೆಗೋ ವರ್ಷವಿಡೀ ಕ್ರೀಡೆ ತೆಗೆಯುವವರಿಗೆ, ಕಾಡಿನಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಆರ್3, ನಿಕಾನ್ ಝಡ್9ನಂಥವು ತಮ್ಮ ಬೆಲೆಯನ್ನು ತಾವೇ ದುಡಿದುಕೊಡುತ್ತವೆ. ಹಾಕಿ ಫೈನಲ್ ಒಂದಕ್ಕೆ ಅದು ಬೇಕೆನಿಸಿದರೆ ಬೆಂಗಳೂರಿನಿಂದ ದಿನದ ಬಾಡಿಗೆಗೆ ತರಿಸಿಕೊಳ್ಳುವುದು ಜಾಣತನ.

ಮಳೆಯ ಮಾತು ಬಂತಲ್ಲ, ಅದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 'ವೆದರ್ ಸೀಲ್ ಇರುವ ಕ್ಯಾಮೆರಾ ಕೊಡಗಿಗೆ ಬೇಕೇ ಬೇಕು' ಎನ್ನುತ್ತಾರೆ. ಮಧ್ಯಾಹ್ನದ ಗುಡುಗುಮಳೆ ಪಂದ್ಯದ ನಡುವೆ ಸುರಿದಾಗ ಆರ್3ರ ರಬ್ಬರ್ ಸೀಲುಗಳು ಕ್ಯಾಮೆರಾ ಉಳಿಸುವುದು ನಿಜ. ಆರ್50ರಲ್ಲಿ ಅಂಥ ರಕ್ಷಣೆ ಇಲ್ಲ, ಕೊಡೆಯೋ ಪ್ಲಾಸ್ಟಿಕ್ ಕವರೋ ಬೇಕು. ಆದರೆ ಕೊಡಗಿನಲ್ಲಿ ಕ್ಯಾಮೆರಾ ಹೆಚ್ಚಾಗಿ ಹಾಳಾಗುವುದು ಮನೆಯೊಳಗೆ, ಬೀರುವಿನಲ್ಲಿ, ಚರ್ಮದ ಬ್ಯಾಗಿನಲ್ಲಿ. ಬಟ್ಟೆಯೇ ಒಣಗದ ತಿಂಗಳುಗಳಲ್ಲಿ ಗಾಳಿಯ ತೇವಾಂಶ ಲೆನ್ಸಿನ ಗಾಜಿನ ಮೇಲೆ ಫಂಗಸ್ ಬೆಳೆಸುತ್ತದೆ. ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹಬ್ಬಿ, ಕೊನೆಗೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಹನಿ ತಡೆಯುವ ಸೀಲು ತೇವದ ಗಾಳಿಯನ್ನು ತಡೆಯುವುದಿಲ್ಲ; ಜೂಮ್ ಲೆನ್ಸ್ ಹಿಗ್ಗಿ ಕುಗ್ಗುವಾಗಲೆಲ್ಲ ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ. ಫಂಗಸ್ ಇಪ್ಪತ್ತು ಸಾವಿರದ ಲೆನ್ಸು, ಎರಡು ಲಕ್ಷದ ಲೆನ್ಸು ಎಂದು ಭೇದ ಮಾಡುವುದಿಲ್ಲ. ತೇವಾಂಶವನ್ನು ಶೇಕಡಾ 40ರಿಂದ 50ರೊಳಗೆ ಇಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ನಾಪೋಕ್ಲುವಿನಲ್ಲಿ ಯಾವ ಹೊಸ ಬಾಡಿಗಿಂತಲೂ ಮೊದಲು ಬರಬೇಕಾದ ಸಾಮಾನು. ಅದೂ ಆಗದವರಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಕರೆಂಟು ಎರಡು ದಿನ ಬಾರದಿದ್ದಾಗಲೂ ಕೆಲಸ ಮಾಡುವುದು ಈ ಡಬ್ಬಿಯೇ. ದಿನವೂ ಬಳಸುವ ಕ್ಯಾಮೆರಾಕ್ಕೆ ಫಂಗಸ್ ಕಮ್ಮಿ, ಬ್ಯಾಗಿನಲ್ಲಿ ಮಲಗಿದ್ದಕ್ಕೆ ಹೆಚ್ಚು. ಅಂಜಿ ಅಂಜಿ ಬಳಸುವ ದುಬಾರಿ ಕ್ಯಾಮೆರಾ ಈ ಲೆಕ್ಕದಲ್ಲೂ ಸೋಲುತ್ತದೆ.

ಕೊನೆಯದಾಗಿ ಗಿರಾಕಿಗಳ ಮಾತು. ಮದುವೆ ಮನೆಯಲ್ಲಿ ಕ್ಯಾಮೆರಾ ಚಿಕ್ಕದಿದ್ದರೆ ಫೋಟೋಗ್ರಾಫರನೂ ಚಿಕ್ಕವನು ಎಂದುಕೊಳ್ಳುವವರಿದ್ದಾರೆ. 375 ಗ್ರಾಂನ ಆರ್50 ಹಿಡಿದು ನಿಂತವನ ಪಕ್ಕದಲ್ಲಿ, ಅದಕ್ಕಿಂತ ದುಬಾರಿ ಫೋನ್ ಹಿಡಿದ ನೆಂಟರು ನಗಬಹುದು. ಒಂದು ಕಿಲೋ ತೂಗುವ ಆರ್3ಕ್ಕೆ ಸಿಗುವ ಮರ್ಯಾದೆಯೇ ಬೇರೆ. ವೃತ್ತಿಯವರು ದೊಡ್ಡ ಕ್ಯಾಮೆರಾಕ್ಕೆ ಸಾಲ ಮಾಡಲು ಅರ್ಧ ಕಾರಣ ಇದೇ ಎಂದು ನನ್ನ ಗುಮಾನಿ. ಇದರಲ್ಲಿ ಅವರ ತಪ್ಪಿಗಿಂತ ನಮ್ಮ ತಪ್ಪು ದೊಡ್ಡದು. ಫೋಟೋಗ್ರಾಫರನ್ನು ಗೊತ್ತು ಮಾಡುವಾಗ ನಾವು ಯಾವ ಕ್ಯಾಮೆರಾ ಎಂದು ಕೇಳುತ್ತೇವೆ. ಚಿತ್ರಗಳನ್ನು ಎರಡು ಕಡೆ ಉಳಿಸುತ್ತೀರಾ, ಕ್ಯಾಮೆರಾ ಕೆಟ್ಟರೆ ಇನ್ನೊಂದು ಇದೆಯೇ, ಕತ್ತಲಲ್ಲಿ ತೆಗೆದದ್ದನ್ನು ತೋರಿಸಿ ಎಂದು ಕೇಳುವವರು ವಿರಳ.

ಆದ್ದರಿಂದ ನನ್ನ ತೀರ್ಪು ಹೀಗೆ. ಮನೆಯವರ, ತೋಟದ, ಹಾಕಿ ಹಬ್ಬದ ಚಿತ್ರಕ್ಕಾಗಿ ಕೊಳ್ಳುವವರು ಕಲಿಕೆಯ ಬಾಡಿಯನ್ನೇ ಕೊಳ್ಳಿ, ಉಳಿದ ದುಡ್ಡಿನಲ್ಲಿ ಒಂದು ಎಫ್1.8 ಲೆನ್ಸ್, ಒಂದು ಡ್ರೈ ಬಾಕ್ಸ್ ತನ್ನಿ. ಹಣ ಪಡೆದು ಪರರ ಮದುವೆ ತೆಗೆಯುವವರು ಒಂದೇ ಕಾರ್ಡಿನ ಕ್ಯಾಮೆರಾ ಒಂದನ್ನೇ ನಂಬಿ ಹೋಗಬೇಡಿ. ಎರಡು ಕಾರ್ಡಿನ ಎರಡು ಸಾಧಾರಣ ಬಾಡಿಗಳು ಐದು ಲಕ್ಷದ ಒಂದಕ್ಕಿಂತ ಮೇಲು. ಮದುವೆ ಮಾಡಿಸುವವರು ಮುಂದಿನ ಸಲ ಮುಂಗಡ ಕೊಡುವ ಮೊದಲು ಕ್ಯಾಮೆರಾದ ಹೆಸರು ಬಿಟ್ಟು, ಎರಡನೇ ಕಾರ್ಡ್ ಇದೆಯೇ ಎಂದು ಕೇಳಿ.